ಮುಚ್ಚಿಹೋದ ಕಾಲುವೆಯೂ ನಮ್ಮ ಸಾರ್ ಅವರೂ

ನಮ್ಮ ಸಾರ್ ಅವರ ಕತ್ತು ಸದಾ ಎಡಕ್ಕೆ ಒಂದಿಷ್ಟು ವಾಲಿರುತ್ತಿತ್ತು. ಮೊದಲ ಸಲ ನೋಡಿದವರು ಉಳುಕಿರಬೇಕು ಎಂದುಕೊಳ್ಳುತ್ತಿದ್ದರು. ನಾನಂತೂ ಯಾವ ಮುಲಾಮು ಹಚ್ಚುತ್ತೀರಿ ಎಂದು ಕೇಳಿಯೂ ಬಿಟ್ಟಿದ್ದೆ. ಅವರು ನಗುತ್ತಾ ಕೊಟ್ಟ ಕಾರಣ ಬೇರೆಯೇ. ಜಯನಗರದಿಂದ ವಿಧಾನಸೌಧಕ್ಕೆ ವರ್ಷಗಟ್ಟಲೆ ಬಸ್ಸಿನ ಎಡಗಡೆ ಕಿಟಕಿಗೆ ಕುಳಿತು, ದಾರಿಯುದ್ದಕ್ಕೂ ಅಂಗಡಿ ಬೋರ್ಡುಗಳನ್ನು ಓದಿ ಓದಿ ಕತ್ತು ಆ ಕಡೆಗೇ ನಿಂತುಬಿಟ್ಟಿದೆಯಂತೆ. ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅವರ ಜೊತೆ ಜೆ.ಪಿ. ನಗರದ ಯಾವ ರಸ್ತೆಯಲ್ಲೂ ನಿಲ್ಲದೆ ನಡೆದುಹೋದ ನೆನಪಿಲ್ಲ. ‘ಇಲ್ಲಿ ನಾಟಿ ಕೋಳಿ ಸಿಗುತ್ತದೆ’ ಎಂಬ ಬೋರ್ಡಿನ ಮುಂದೆ ನಿಂತು, ಕೋಳಿ ತಾನಾಗಿ ಬಂದು ಸಿಗುತ್ತದೆಯೋ ಯಾರಾದರೂ ಹಿಡಿದು ಕೊಡುತ್ತಾರೋ ಎಂದು ಅಂಗಡಿಯವನನ್ನೇ ವಿಚಾರಿಸಿದ್ದರು. ಅದೂ ಕೋಳಿ ಮುಟ್ಟದ ಮನುಷ್ಯ.

ಅವರು ನನಗೆ ಸಿಕ್ಕಿದ್ದು ಫೆಲೋಶಿಪ್ಪಿನಿಂದ. ಹವಾಮಾನದ ವಿಷಯ ಹಿಡಿದು ಕೆಲಸ ಮಾಡುವ ಹುಡುಗ ಹುಡುಗಿಯರನ್ನು ಆರಿಸಿ, ದೇಶದೇಶಗಳು ಸೇರಿ ನಡೆಸುವ ಹವಾಮಾನ ಮಾತುಕತೆಗೆ ಮುಂಚೆ ತಯಾರು ಮಾಡುವ ಸಂಸ್ಥೆಯೊಂದು ಜೆ.ಪಿ. ನಗರದ ಮನೆಯೊಂದರ ಮಹಡಿಯಲ್ಲಿತ್ತು. ಪ್ರಚಾರ ನಡೆಸುವುದು ಹೇಗೆ, ಒಪ್ಪಂದದ ಕರಡು ಓದುವುದು ಹೇಗೆ, ಮೈಕು ಸಿಕ್ಕಾಗ ಎರಡು ನಿಮಿಷದಲ್ಲಿ ಮಾತು ಮುಗಿಸುವುದು ಹೇಗೆ, ಎಲ್ಲ ಹೇಳಿಕೊಡುತ್ತಿದ್ದರು. ಕೊನೆಯಲ್ಲಿ ಆ ಮಾತುಕತೆಯ ಮೈಕು ಸಿಗುವುದು ನಮ್ಮಲ್ಲಿ ಒಬ್ಬರಿಗೆ ಮಾತ್ರ. ಕರಡು ಓದಿಸಲು ಬರುತ್ತಿದ್ದವರು ಇವರು. ಸರ್ಕಾರದ ಭಾಷಾಂತರ ವಿಭಾಗದಲ್ಲಿದ್ದು ನಿವೃತ್ತರಾದವರು. ಈ ಮುದುಕರಿಗೂ ಹವಾಮಾನಕ್ಕೂ ಏನು ಸಂಬಂಧ ಎಂದು ನಾವು ಬೆನ್ನ ಹಿಂದೆ ಗೊಣಗಿದ್ದೂ ಉಂಟು.

ಅಂಥ ಕರಡಿನಲ್ಲಿ ದೇಶಗಳು ಇನ್ನೂ ಒಪ್ಪದ ಮಾತುಗಳನ್ನೆಲ್ಲ ಚೌಕ ಕಂಸದೊಳಗೆ ಹಾಕಿರುತ್ತಾರೆ. ಇದನ್ನು ಕಂಡು ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. ಒಂದೊಂದು ಕಂಸದ ಮೇಲೂ ಬೆರಳಿಟ್ಟು, ಇದನ್ನು ಹಾಕಿಸಿದವರು ಯಾರು, ತೆಗೆದರೆ ಯಾರಿಗೆ ಉರಿಯುತ್ತದೆ ಎಂದು ಕೇಳುತ್ತಿದ್ದರು. ಉತ್ತರ ತಿಳಿದುಕೊಂಡು ಕೇಳುವ ಮೇಷ್ಟರ ಪ್ರಶ್ನೆಯಲ್ಲ ಅದು; ಅವರಿಗೂ ನಿಜವಾಗಿ ಗೊತ್ತಿರುತ್ತಿರಲಿಲ್ಲ, ತಿಳಿಯುವವರೆಗೆ ಸಮಾಧಾನವೂ ಇರುತ್ತಿರಲಿಲ್ಲ. ಆಮೇಲೆ ಮನೆಯ ವಿಚಾರಕ್ಕೂ ಕಂಸ ಬಂತು. ಸಕ್ಕರೆ ಕಾಯಿಲೆಯಿದ್ದ ಅವರಿಗೆ ಹೆಂಡತಿ ದಿನಕ್ಕೆ ಒಂದೇ ಕಾಫಿ ಎಂದು ಗೊತ್ತುಮಾಡಿದ್ದರು. ನಾವು ಕಾಫಿ ತರಿಸಿದರೆ, ಎರಡನೆಯದು ತಮ್ಮ ಮನೆಯಲ್ಲಿ ಇನ್ನೂ ಕಂಸದಲ್ಲೇ ಇದೆ ಎನ್ನುತ್ತಾ ಲೋಟ ಎತ್ತಿಕೊಳ್ಳುತ್ತಿದ್ದರು.

ಅವರಿಗೆ ಆಗದ ವಸ್ತು ಒಂದೇ, ಮಾಡಿದವರಿಲ್ಲದ ವಾಕ್ಯ. ಕರಡಿನಲ್ಲಿ ಅಂಥದು ಬಂದಾಗಲೆಲ್ಲ ಕನ್ನಡಕ ತೆಗೆದಿಡುತ್ತಿದ್ದರು. ಒಮ್ಮೆ ಹೇಳಿದರು:

“ಸರ್ವೀಸ್ ಪೂರ್ತಿ ‘ಕ್ರಮ ಕೈಗೊಳ್ಳಲಾಗುವುದು’ ಅಂತ ಬರ್ದೇ ಪೆನ್ಷನ್ ತಗೊಂಡೋನು ನಾನು. ಅದ್ರಲ್ಲಿ ಕ್ರಮ ಇದೆ, ಕೈ ಇದೆ, ಮನುಷ್ಯ ಮಾತ್ರ ಇಲ್ಲ.”

ನಾವೆಲ್ಲ ಬಿದ್ದುಬಿದ್ದು ನಕ್ಕೆವು. ಅವರು ನಗಲಿಲ್ಲ.

ನನ್ನ ಎರಡು ನಿಮಿಷದ ಭಾಷಣ ನಮ್ಮ ಬೇಗೂರಿನ ಬಗ್ಗೆ. ನಮ್ಮದು ಅಲ್ಲಿ ಹಿಂದಿನಿಂದಲೂ ಇರುವ ಮನೆತನ. ನಮ್ಮ ಹೊಲ ಇದ್ದ ಜಾಗದಲ್ಲಿ ಈಗ ನಾವೇ ಕಟ್ಟಿಸಿದ ಬಾಡಿಗೆ ಮನೆಗಳಿವೆ. ಜೋರು ಮಳೆ ಬಂದರೆ ನಮ್ಮ ಹಿಂದಿನ ಬೀದಿಯವರ ಮನೆಗಳಿಗೆ ನೀರು ನುಗ್ಗುತ್ತದೆ, ಅವರು ಹಾಸಿಗೆ ಹೊತ್ತುಕೊಂಡು ಮೆಟ್ಟಿಲ ಮೇಲೆ ಕೂರುತ್ತಾರೆ. ‘ಕೆರೆಗೆ ನೀರು ಒಯ್ಯುತ್ತಿದ್ದ ಕಾಲುವೆ ಮುಚ್ಚಿಹೋಯಿತು’ ಎಂದು ಬರೆದಿದ್ದೆ. ಎಲ್ಲರಿಗೂ ಹಿಡಿಸಿತು. ಸಾರ್ ಕನ್ನಡಕ ತೆಗೆದಿಟ್ಟು, ಯಾರು ಮುಚ್ಚಿದರು ಎಂದು ಕೇಳಿದರು. ಗೊತ್ತಿಲ್ಲ, ಮುಚ್ಚಿಹೋಗಿದೆ ಅಷ್ಟೆ ಎಂದೆ.

“ಬಾಗಿಲಾದ್ರೆ ಗಾಳಿಗೆ ಮುಚ್ಕೊಳ್ಳುತ್ತೆ. ಕಾಲುವೆ ತಾನಾಗೇ ಹೇಗಮ್ಮ ಮುಚ್ಕೊಳ್ಳುತ್ತೆ? ಮನೇಲಿ ಕೇಳಿ ನೋಡು.”

ಕೇಳಿದೆ. ಅಪ್ಪ, ಟ್ಯಾಂಕು ಖಾಲಿಯಿರಬೇಕು, ಮೋಟರ್ ಹಾಕಿ ಬರುತ್ತೇನೆ ಎಂದು ಎದ್ದುಹೋದರು. ಅಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು, ನಿನಗೆ ಬೇರೆ ಯಾವ ವಿಷಯವೂ ಸಿಗಲಿಲ್ಲವೇ, ನಾಳೆ ಕಾರ್ಪೊರೇಶನ್ನಿನ ಜೆಸಿಬಿ ಬಂದು ಮನೆ ಒಡೆದರೆ ನಿನ್ನ ಫೆಲೋಶಿಪ್ಪಿನವರು ಕಟ್ಟಿಕೊಡುತ್ತಾರೆಯೇ ಎಂದು ಪಿಸುಗುಟ್ಟಿದರು. ನನಗೆ ಉತ್ತರ ಸಿಕ್ಕಿತು. ನಮ್ಮ ಬಾಡಿಗೆ ಮನೆಗಳು ನಿಂತಿದ್ದು ಆ ಕಾಲುವೆಯ ಜಾಗದಲ್ಲೇ. ನಾನು ಬೆಳೆದದ್ದು, ಓದಿದ್ದು ಆ ಬಾಡಿಗೆಯಲ್ಲೇ. ಮರುದಿನ ಸಾರ್ ಬಳಿ ಹೋಗಿ, ವಿಷಯವನ್ನೇ ಬದಲಾಯಿಸುತ್ತೇನೆ ಎಂದೆ. ಕಾರಣವನ್ನೂ ಹೇಳಿದೆ. ಅವರು ಬೇಡ ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ಒಂದು ಸಲ ಆ ಜಾಗ ನೋಡಬಹುದೇ ಎಂದರು.

ಭಾನುವಾರ ಬೋರ್ಡುಗಳನ್ನು ಓದಿಕೊಂಡು ಬಸ್ಸಿನಲ್ಲಿ ಬಂದರು. ಅಪ್ಪ ಯಾರೋ ಕಾರ್ಪೊರೇಶನ್ನಿನವರು ಎಂದೇ ಗಟ್ಟಿ ಮಾಡಿಕೊಂಡು, ಕುರ್ಚಿ ಕೊಟ್ಟು ಮಾತು ಕೊಡದೆ ನಿಂತಿದ್ದರು. ಸಾರ್ ಕಾಲುವೆಯ ಸುದ್ದಿಯನ್ನೇ ತೆಗೆಯಲಿಲ್ಲ. ಹೊಲದಲ್ಲಿ ಏನು ಬೆಳೆಯುತ್ತಿದ್ದಿರಿ, ರಾಗಿ ಯಾವಾಗ ಹಾಕುತ್ತಿದ್ದಿರಿ, ಮಳೆ ಹೆಚ್ಚಾದರೆ ನೀರು ಯಾವ ಕಡೆಗೆ ಬಿಡುತ್ತಿದ್ದಿರಿ ಎಂದು ಶುರು ಮಾಡಿದರು. ಅಪ್ಪನನ್ನು ಇಂಥದ್ದೆಲ್ಲ ಕೇಳುವವರಿಲ್ಲದೆ ಎಷ್ಟು ವರ್ಷವಾಗಿತ್ತೋ. ಮೊದಲು ಒಂದೊಂದೇ ಮಾತು, ಆಮೇಲೆ ಕೈ ಬೀಸಿಕೊಂಡು ಮಾತು. ಕೊನೆಗೆ ತಾವೇ ಎಬ್ಬಿಸಿಕೊಂಡು ಹೋಗಿ ಬಾಡಿಗೆ ಮನೆಗಳ ಪಾರ್ಕಿಂಗಿನಲ್ಲಿ ನಿಲ್ಲಿಸಿ, ಇಲ್ಲೇ ಹರಿಯುತ್ತಿತ್ತು ಎಂದು ಕಾಂಕ್ರೀಟನ್ನು ಚಪ್ಪಲಿಯಿಂದ ತಟ್ಟಿ ತೋರಿಸಿದರು.

ಏನು ಹಾಕಿ ತುಂಬಿಸಿದಿರಿ ಎಂದು ಸಾರ್ ಕೇಳಿದರು, ಪಲ್ಯಕ್ಕೆ ಏನು ಹಾಕಿದಿರಿ ಎಂದು ಕೇಳುವ ಹಾಗೆ. ಅಪ್ಪ ಹಿಂಜರಿಯಲಿಲ್ಲ. ಆಗ ಜಯನಗರದಲ್ಲಿ ಹಳೇ ಮನೆ ಕೆಡವಿ ಹೊಸದು ಕಟ್ಟುವವರು ಬಹಳ ಜನ ಇದ್ದರಂತೆ. ಆ ಮಣ್ಣು, ಇಟ್ಟಿಗೆ ಚೂರು ಎಲ್ಲ ಲಾರಿಯಲ್ಲಿ ಬರುತ್ತಿತ್ತಂತೆ, ಸುರಿಯಲು ಜಾಗ ಕೊಟ್ಟರೆ ಸಾಕಿತ್ತಂತೆ.

“ಯಾರೋ ಮಾಡಿದ್ರು ಅಂತ ಯಾಕ್ ಹೇಳ್ಲಿ ಸಾರ್. ಮುಚ್ಚಿದೋನು ನಾನೇ. ನಮ್ಮಪ್ಪ ಬೇಡ ಅಂದ, ಕೇಳ್ಲಿಲ್ಲ.”

ಸಾರ್ ನೆಲ ನೋಡುತ್ತಾ ಬೆರಳು ಮಡಿಚತೊಡಗಿದರು. ಜಯನಗರದ ತಮ್ಮ ಮನೆಯನ್ನು ಕೆಡವಿಸಿ ಕಟ್ಟಿಸಿದ್ದು ಯಾವಾಗ ಎಂದು ಅವರು ಲೆಕ್ಕ ಹಾಕುತ್ತಿದ್ದರು ಎಂದು ತಿಳಿದದ್ದು ಅವರು ಬಾಯಿ ತೆಗೆದಾಗಲೇ.

“ನಮ್ಮನೇನೂ ಆವಾಗ್ಲೇ ಕೆಡವಿಸಿದ್ದು. ಮಣ್ಣು ಎಲ್ಲಿಗೆ ಹೋಯ್ತು ಅಂತ ನಾನು ಕೇಳ್ಲೇ ಇಲ್ಲ ನೋಡಿ. ಎಲ್ಲಾ ಕೇಳೋನು, ಅದೊಂದು ಕೇಳ್ಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿದರು. “‘ನಾವು ಮುಚ್ಚಿದೆವು’ ಅಂತ ಬರೀಬಹುದಮ್ಮ, ಅಪ್ಪ ಒಪ್ಪಿದ್ರೆ. ಆ ನಾವು ಅನ್ನೋದ್ರಲ್ಲಿ ನಾನೂ ಇದೀನಿ.”

ಅಪ್ಪ ನನ್ನ ಮುಖ ನೋಡಿದರು, ಮೇಲೆ ಒಣಗಹಾಕಿದ್ದ ಬಾಡಿಗೆಯವರ ಬಟ್ಟೆಗಳನ್ನು ನೋಡಿದರು.

“ಬರ್ಕೋ,” ಎಂದರು.

ಮೈಕು ನನಗೇ ಸಿಕ್ಕಿತು. ದೂರದ ದೇಶದ ದೊಡ್ಡ ಹಾಲಿನಲ್ಲಿ ನಿಂತು, ಕಾಲುವೆಯನ್ನು ನಾವು ಮುಚ್ಚಿದೆವು, ಈಗ ನಿಮ್ಮ ನಿಮ್ಮ ವಾಕ್ಯಗಳಲ್ಲೂ ಮಾಡಿದವರ ಹೆಸರು ಬರಲಿ ಎಂದೆ. ಆಮೇಲೆ ಸಾರ್ ಅವರಿಗೆ ಫೋನು ಮಾಡಿದರೆ, ಅಭಿನಂದನೆ ಹೇಳುವುದನ್ನೂ ಮರೆತು, ಜನ ಏನು ಮಾಡುತ್ತಿದ್ದರು ಎಂದು ಕೇಳಿದರು. ಅರ್ಧ ಜನ ಮೊಬೈಲ್ ನೋಡುತ್ತಿದ್ದರು ಎಂದೆ. ಉಳಿದರ್ಧ ಏನು ಮಾಡುತ್ತಿತ್ತು ಎಂದು ಕೇಳಿದರು. ಕೇಳಿಸಿಕೊಳ್ಳುತ್ತಿದ್ದರು ಎಂದೆ. ಪರವಾಗಿಲ್ಲವಲ್ಲ ಎಂದರು. ಧ್ವನಿ ತೆಳ್ಳಗಾಗಿತ್ತು. ನಾನು ಅದನ್ನು ಫೋನಿನ ತಲೆಗೆ ಕಟ್ಟಿದೆ.

ಊರಿನಲ್ಲಿ ನನ್ನ ಭಾಷಣದ ವಿಡಿಯೋ ಎಲ್ಲರ ಮೊಬೈಲಿಗೂ ಹೋಗಿತ್ತು. ಮನೆಯ ಗುಟ್ಟು ಬಯಲು ಮಾಡಿದೆನೆಂದು ಚಿಕ್ಕಪ್ಪ ನಮ್ಮನೆಗೆ ಬರುವುದನ್ನು ನಿಲ್ಲಿಸಿದರು. ಜೆಸಿಬಿ ಇನ್ನೂ ಬಂದಿಲ್ಲ. ಬರುವುದೇ ಇಲ್ಲವೆಂದು ಹೇಳುವಂತಿಲ್ಲ. ಅಪ್ಪ ಯಾರೊಂದಿಗೂ ವಾದಕ್ಕೆ ಹೋಗಲಿಲ್ಲ. ಒಂದು ಬೆಳಿಗ್ಗೆ ಆಳುಗಳನ್ನು ಕರೆಸಿ ಪಾರ್ಕಿಂಗಿನ ಗೋಡೆಯುದ್ದಕ್ಕೂ ಕಾಂಕ್ರೀಟ್ ಒಡೆಸತೊಡಗಿದರು. ಬಾಡಿಗೆಯವರು ಬೈಕು ಎಲ್ಲಿ ನಿಲ್ಲಿಸುವುದು ಎಂದು ಜಗಳಕ್ಕೆ ಬಂದರು. ಅಗೆದಷ್ಟೂ ಇಟ್ಟಿಗೆ ಚೂರು, ಹಳೇ ಕೆಂಪು ನೆಲದ ತುಂಡುಗಳು ಸಿಕ್ಕವು. ಸಾರ್ ಅವರಿಗೆ ತಿಳಿಸಿದೆ. ನೀರು ಹರಿಯುವಾಗ ಖಂಡಿತ ಬರುತ್ತೇನೆ ಎಂದಿದ್ದರು. ಮಳೆಗೆ ಮುಂಚೆಯೇ ಅವರು ಹೋಗಿಬಿಟ್ಟರು. ಇಷ್ಟೆಲ್ಲ ಕೇಳುವ ಮನುಷ್ಯನನ್ನು, ನಿಮ್ಮ ಆರೋಗ್ಯ ಹೇಗಿದೆ ಎಂದು ನಾನು ಒಮ್ಮೆಯೂ ಕೂರಿಸಿ ಕೇಳಿರಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ವೈಕುಂಠ ಸಮಾರಾಧನೆಗೆ ಅಪ್ಪ ತಾವಾಗಿಯೇ ನನ್ನ ಜೊತೆ ಹೊರಟರು. ಜಯನಗರದ ಆ ಮನೆಯ ಬಾಗಿಲಲ್ಲಿ, ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ, ಒಳಗೆ ಬರಬಹುದೋ ಬಾರದೋ ಎನ್ನುವಂತೆ ನಿಂತಿದ್ದರು. ಸಾರ್ ಅವರ ಹೆಂಡತಿ ಬಂದು, ಯಾರು ಅಂತ ಗೊತ್ತಾಗಲಿಲ್ಲ ಎಂದರು.

“ಬೇಗೂರಿಂದ ಬಂದಿದೀವಮ್ಮ,” ಎಂದರು ಅಪ್ಪ. “ಕಾಲುವೆ ಮುಚ್ಚಿದೋನು ನಾನೇ.”

ಆಕೆ ಕಣ್ಣೊರೆಸಿಕೊಂಡರು.

“ಗೊತ್ತು. ಅವತ್ತು ಬಂದು ಚಪ್ಪಲಿ ಬಿಡೋಕೂ ಮುಂಚೆ ನಿಮ್ಮ ವಿಷಯ ಹೇಳಿದ್ರು. ನಾನೇ ಮಾಡಿದ್ದು ಅನ್ನೋರನ್ನ ಜೀವನದಲ್ಲಿ ಮೊದಲನೇ ಸಲ ನೋಡ್ದೆ ಅಂತ. ಒಳಗೆ ಬನ್ನಿ, ಎಲೆ ಹಾಕಿದಾರೆ. ಮಳೆ ಬಂದಾಗ ಒಂದು ಮಾತು ತಿಳಿಸಿ, ನಾನು ಬರ್ತೀನಿ. ನಮ್ಮನೆ ಮಣ್ಣೂ ಇದೆಯಂತಲ್ಲ ಅದ್ರಲ್ಲಿ.”