ಗೆದ್ದ ಕೇಸು

ನಾನು ಜಯನಗರದ ಕಾಲೇಜೊಂದರಲ್ಲಿ ಅಮೆರಿಕದ ಇತಿಹಾಸ ಕಲಿಸುತ್ತೇನೆ. ಆ ಬೆಳಿಗ್ಗೆ ಅಲ್ಲಿನ ಮೂಲನಿವಾಸಿಗಳಾದ ಚೆರೋಕಿ ಜನರ ಪಾಠವಿತ್ತು. ಸ್ವಂತ ಲಿಪಿ, ಸ್ವಂತ ಪತ್ರಿಕೆ, ಹೊಲ, ತೋಟ ಎಲ್ಲ ಇದ್ದವರು. ಅವರ ನೆಲ ಜಾರ್ಜಿಯಾ ರಾಜ್ಯಕ್ಕೆ ಬೇಕಾಯಿತು. ಆ ನೆಲದಲ್ಲಿ ರಾಜ್ಯದ ಕಾನೂನು ನಡೆಯದು ಎಂದು ಸುಪ್ರೀಂ ಕೋರ್ಟೇ ಹೇಳಿತು. ಆದರೂ ಕೆಲವು ವರ್ಷಗಳ ನಂತರ ಸೈನಿಕರು ಬಂದರು. ಊಟಕ್ಕೆ ಕೂತವರನ್ನೂ ಎಬ್ಬಿಸಿ, ದೊಡ್ಡಿಯಂಥ ಶಿಬಿರಗಳಲ್ಲಿ ಕೂಡಿಹಾಕಿ, ಆಮೇಲೆ ಪಶ್ಚಿಮಕ್ಕೆ ಅಟ್ಟಿದರು.

"ಕೇಸ್ ಗೆದ್ಮೇಲೂ ಹೆಂಗೆ ಮೇಡಂ?" ಹಿಂದಿನ ಬೆಂಚಿನ ಹುಡುಗಿ ಕೇಳಿದಳು.

"ಕೋರ್ಟ್ ಹತ್ರ ಸೈನ್ಯ ಇರಲ್ವಲ್ಲೇ ಗೂಬೆ," ಎಂದಳು ಪಕ್ಕದವಳು. ಎಲ್ಲರೂ ನಕ್ಕರು.

ನಾನು ನಗಲಿಲ್ಲ. ಚಿಕ್ಕಲಸಂದ್ರದ ನಮ್ಮ ಮನೆ ಮಳೆನೀರಿನ ರಾಜಕಾಲುವೆಯ ಮೇಲಿದೆ ಎಂದು ಪಾಲಿಕೆಯವರು ಕೆಡವಲು ಹೊರಟಿದ್ದರು. ಹಿಂದಿನ ದಿನವಷ್ಟೇ ನಮಗೆ ಕೋರ್ಟಿನಿಂದ ಸ್ಟೇ ಸಿಕ್ಕಿತ್ತು. ಅಪ್ಪ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದ್ದರು. ಕಾಲೇಜಿನಲ್ಲಿ ನಾನು ಯಾರಿಗೂ ಹೇಳಿರಲಿಲ್ಲ.

ತರಗತಿ ಮುಗಿಯುವ ಮೊದಲೇ ಅಮ್ಮನ ಫೋನ್ ಬಂತು. "ಜೆಸಿಬಿ ಬಂದಿದೆ ಕಣೇ."

ನಾನು ತಲುಪಿದಾಗ ನಮ್ಮ ಫ್ರಿಜ್ಜು, ಮಂಚ ರಸ್ತೆಯಲ್ಲಿದ್ದವು. ಅಧಿಕಾರಿಗೆ ಮೊಬೈಲಿನಲ್ಲಿ ಸ್ಟೇ ಆದೇಶ ತೋರಿಸಿದೆ.

"ವಾಟ್ಸಾಪಲ್ಲಿ ಬಂದಿದ್ದಕ್ಕೆಲ್ಲ ಕೆಲ್ಸ ನಿಲ್ಸೋಕಾಗುತ್ತಾ ಮೇಡಂ? ಸರ್ಟಿಫೈಡ್ ಕಾಪಿ ಎಲ್ಲಿ?"

"ಅಪ್ಪ ತರೋಕೆ ಹೋಗಿದ್ದಾರೆ ಸಾರ್. ಸ್ವಲ್ಪ ಟೈಮ್ ಕೊಡಿ."

"ಎಲ್ರೂ ಹಿಂಗೇ ಅಂದ್ರೆ ಗಾಡಿ ವಾಪಸ್ ಕಳಿಸ್ಬೇಕಾಗುತ್ತೆ." ಆಮೇಲೆ ಅಮ್ಮನ ಕಡೆ ತಿರುಗಿ, "ಸಿಲಿಂಡರ್ ಹೊರಗೆ ತಂದ್ರಾ ಆಂಟಿ? ನೋಡ್ಕೊಳ್ಳಿ, ಡೇಂಜರ್," ಎಂದ. ಮರ್ಯಾದೆಯಿಂದಲೇ ಕೇಳಿದ.

ನನಗೆ ಯಾರನ್ನೂ ಬೇಡಿ ಅಭ್ಯಾಸವಿಲ್ಲ. ಅವತ್ತು ಕೈಮುಗಿದೆ. ಕಾಲು ಹಿಡಿಯಲು ಬಗ್ಗಿದಾಗ ಅವನು ಹಿಂದೆ ಸರಿದ, ನನ್ನ ಕೈಗೆ ಬರೀ ಮಣ್ಣು ತಾಗಿತು. "ದೇವ್ರ ಮನೆ ಹಾಗೇ ಇದೆ, ಬಿಡ್ರೇ ನನ್ನ," ಎಂದು ಅಮ್ಮ ಒಳಗೆ ನುಗ್ಗಲು ನೋಡಿದಳು. ಇಬ್ಬರು ಮಹಿಳಾ ಪೊಲೀಸರು ಅವಳ ತೋಳು ಹಿಡಿದುಕೊಂಡರು. ಮೊದಲು ಅಡುಗೆಮನೆಯ ಗೋಡೆ ಕುಸಿಯಿತು. ತಾರಸಿ ಸ್ವಲ್ಪ ಹೊತ್ತು ನಿಂತಿತ್ತು, ಅದೂ ಬಿತ್ತು.

ಅಷ್ಟರಲ್ಲಿ ಅಪ್ಪನ ಫೋನ್.

"ಕಾಪಿ ಸಿಕ್ತು!" ಸಂತೋಷಕ್ಕೆ ಕೂಗುತ್ತಿದ್ದರು. "ಆಟೋದಲ್ಲಿದ್ದೀನಿ. ಇನ್ನು ಮುಟ್ಟೋ ಹಾಗಿಲ್ಲ ಅಂತ ಹೇಳು ಅವ್ರಿಗೆ."

ಜೆಸಿಬಿಯ ಸದ್ದು ಅವರಿಗೆ ಕೇಳಿಸದಿರಲೆಂದು ಫೋನಿಗೆ ಅಂಗೈ ಅಡ್ಡ ಹಿಡಿದು ರಸ್ತೆಯ ತುದಿಯವರೆಗೆ ಓಡಿದೆ.

"ಹೇಳ್ತೀನಪ್ಪ," ಎಂದೆ. "ನೀವು ನಿಧಾನಕ್ಕೆ ಬನ್ನಿ."