ಐದರಿಂದ ಆರರವರೆಗಿನ ಕಾವಲು

ಬೆಳಗಿನ ಐದು ಗಂಟೆ. ಜವಳಗಿರಿ ಕಾಡಂಚಿನ ದನದ ದಾರಿಯಲ್ಲಿ ಮುನಿಕೃಷ್ಣ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನಿಂತಿದ್ದಾರೆ. ಅದರ ತಂತಿ ನೆಲದಲ್ಲಿ ಹೂತಿಟ್ಟ ಸೆನ್ಸರಿಗೆ ಹೋಗುತ್ತದೆ. ಕುತ್ತಿಗೆಯಲ್ಲೊಂದು ಸೀಟಿ. ಅರವತ್ನಾಲ್ಕು ವಯಸ್ಸು, ಮಂಡಿ ನೋವು ಬೇರೆ. ಪಕ್ಕದಲ್ಲೇ ಕಲ್ಲಿದ್ದರೂ ಈ ಮನುಷ್ಯ ಕೂರುವುದಿಲ್ಲ. "ಕಾವಲಲ್ಲಿ ಕೂತ್ರೆ ಕಣ್ಣು ಎಳೀತದೆ. ನೌಕಾಪಡೇಲಿ ಕಲ್ತಿದ್ದು," ಎನ್ನುತ್ತಾರೆ.

ಹದಿನೆಂಟಕ್ಕೆ ನೌಕಾಪಡೆ ಸೇರಿದ ಈ ರೈತರ ಮನೆಯ ಮಗ ಹದಿನೈದು ವರ್ಷ ಹಡಗಿನ ಹೊಟ್ಟೆಯೊಳಗೆ ನೀರಿನಡಿಯ ಸದ್ದು ಕೇಳಿದವರು. ಯಾವುದು ಮೀನಿನ ಹಿಂಡು, ಯಾವುದು ಜಲಾಂತರ್ಗಾಮಿ ಎಂದು ಹೇಳುವುದೇ ಕೆಲಸ. ವಾಪಸು ಬಂದು ಸಂಜೆ ಕಾಲೇಜಿನಲ್ಲಿ ಓದಿ, ಹೊಸೂರಿನ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಆದರು. ನಿವೃತ್ತಿಯ ಮೇಲೆ ಸುಮ್ಮನಿರಲಾರದೆ, ನೆಲದಡಿಯ ಸೆನ್ಸರಿನಿಂದ ಆನೆಯ ಹೆಜ್ಜೆ ಗುರುತಿಸಿ ಸೈರನ್ ಕೂಗಿಸುವ ಪೆಟ್ಟಿಗೆ ಮಾಡಿ ಕಾಡಂಚಿಗೆ ನಾಲ್ಕು ನೆಟ್ಟರು. ಮೊದಲ ವರ್ಷ ಇಪ್ಪತ್ಮೂರು ಸಲ ಅವು ಆನೆಯ ಸುಳಿವು ಕೊಟ್ಟವು. ಊರವರು ರಾಗಿ ಹೊಲದ ಅಟ್ಟಣೆ ಹತ್ತಿ ಕಾಯುವುದನ್ನೇ ಬಿಟ್ಟರು. ಪೆಟ್ಟಿಗೆ ಇದೆಯಲ್ಲ ಎಂಬ ಧೈರ್ಯ.

ತೊಂದರೆ ಒಂದೇ. ಬೆಳಗಿನ ಜಾವ ದನ ಹೊಡೆದುಕೊಂಡು ಹೋಗುವಾಗಲೂ, ಹಿಂಡಿನ ತುಳಿತವನ್ನು ಆನೆಯೆಂದುಕೊಂಡು ಸೈರನ್ ಕೂಗುತ್ತಿತ್ತು. ಪಕ್ಕದ ಮನೆಯ ರಾಮಲಕ್ಷ್ಮಮ್ಮ ಬಂದು ಕೇಳಿದರು: "ಮೊಮ್ಮಗು ಬೆಚ್ಚಿ ಬೀಳ್ತದೆ ಕಣಪ್ಪ. ದನ ಹೋಗೋ ಹೊತ್ನಾಗಾದ್ರೂ ಅದರ ಬಾಯಿ ಮುಚ್ಸು." ಅಷ್ಟು ಹೊತ್ತಿಗೆ ಆನೆಗಳು ಕಾಡು ಸೇರಿರುತ್ತವೆ ಎಂದುಕೊಂಡು, ಮುನಿಕೃಷ್ಣ ಐದರಿಂದ ಆರರವರೆಗೆ ಸೈರನ್ ಕೂಗದಂತೆ ಮಾಡಿದರು.

ಕಳೆದ ಕಾರ್ತೀಕದಲ್ಲಿ ಒಂಟಿ ಸಲಗವೊಂದು ಹೊಲದಲ್ಲೇ ಹೊತ್ತು ಮಾಡಿ, ಐದೂವರೆಗೆ ಇದೇ ದಾರಿ ಹಿಡಿಯಿತು. ದನಕ್ಕಷ್ಟೇ ಅದರ ಬಾಯಿ ಮುಚ್ಚಿದೆ, ಆನೆ ಬಂದರೆ ಕೂಗಿಯೇ ಕೂಗುತ್ತದೆ ಎಂದು ನಂಬಿ ರಾಮಲಕ್ಷ್ಮಮ್ಮ ಹೊಲಕ್ಕೆ ಹೊರಟಿದ್ದರು. ಅದರ ಕಾಲಿಗೆ ಸಿಕ್ಕಿ ಅಲ್ಲೇ ಜೀವ ಬಿಟ್ಟರು.

ಇದನ್ನು ಹೇಳುವಾಗಲೂ ಮುನಿಕೃಷ್ಣ ಹೆಡ್‌ಫೋನ್ ತೆಗೆಯುವುದಿಲ್ಲ. "ಸೆನ್ಸರ್‌ಗೆ ಕೇಳ್ಸಿತ್ತು. ಮೆಮೊರೀಲಿ ಐತೆ, ಹನ್ನೊಂದು ಹೆಜ್ಜೆ. ಹೇಳ್ಬೇಡ ಅಂದೋನು ನಾನು."

ಈಗ ಸೈರನ್ ಆ ಹೊತ್ತಿನಲ್ಲೂ ಕೂಗುತ್ತದೆ. ದಿನವೂ ದನಕ್ಕೆ ಕೂಗಿ ಕೂಗಿ, ಯಾರೂ ತಿರುಗಿ ನೋಡುವುದಿಲ್ಲ. ಅಟ್ಟಣೆಗಳು ಮುರಿದು ಬಿದ್ದಿವೆ. ಅದಕ್ಕೇ ಆ ಒಂದು ಗಂಟೆ ಇವರೇ ಬಂದು ನಿಲ್ಲುವುದು, ಆನೆ ಎಂದು ಖಾತ್ರಿಯಾದರೆ ಸೀಟಿ ಊದುವುದು. ಬಲಗಿವಿ ಮಂದವಾಗುತ್ತಿದೆ ಎಂದು ಡಾಕ್ಟರು ಹೇಳಿಯಾಗಿದೆ. ಎಡಗಿವಿಯೂ ಹೋದರೆ ಇಲ್ಲಿ ನಿಲ್ಲುವವರು ಬೇರೆ ಯಾರೂ ಇಲ್ಲ.

ಆರಕ್ಕೆ ರಾಮಲಕ್ಷ್ಮಮ್ಮನ ಸೊಸೆ ಸರಳಾ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಕಾಫಿ ತರುತ್ತಾಳೆ. ನಡೆದದ್ದೆಲ್ಲ ಅವಳಿಗೆ ಗೊತ್ತು, ಮುನಿಕೃಷ್ಣರೇ ಹೇಳಿದ್ದಾರೆ. "ನಮ್ಮತ್ತೆ ತಾನೇ ಕೇಳಿದ್ದು. ನೀವೇನ್ ಮಾಡ್ತೀರ ಮಾವ. ಆರೋಗ್ತದೆ, ಕುಡೀರಿ," ಎಂದು ಲೋಟ ಕೊಟ್ಟು ಹೋಗುತ್ತಾಳೆ.

ಅವಳು ಮರೆಯಾಗುವವರೆಗೂ ಅವರು ಲೋಟ ಹಿಡಿದೇ ನಿಂತಿರುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಹೇಳುತ್ತಾರೆ: "ಆ ಹೆಣ್ಮಗಳು ಒಂದ್ಸಲ, ಒಂದೇ ಸಲ ನನ್ನ ಬಾಯ್ತುಂಬಾ ಬೈದ್ಬುಡ್ಬೇಕು. ಅಷ್ಟೇ ನೋಡಿ."