ಎಡಗಡೆ ರ‍್ಯಾಕಿನ ಇಲಿಗಳು

ನಮ್ಮ ಯೂನಿಯನ್ನಿನಲ್ಲಿ ಘೋಷಣೆ ಕೂಗಲು ಬಾರದ ಸದಸ್ಯೆ ಎಂದರೆ ಇಲಿಯಕ್ಕ ಒಬ್ಬಳೇ. ಮೆರವಣಿಗೆಗೆ ತಪ್ಪದೆ ಬರುತ್ತಿದ್ದಳು, ಬಾವುಟ ಹಿಡಿಯುತ್ತಿದ್ದಳು, ಕೂಗುವ ಹೊತ್ತಿಗೆ ಮಾತ್ರ ಬಾಯಲ್ಲಿ ಕಡುಬು ಇಟ್ಟುಕೊಂಡವಳಂತೆ ನಿಲ್ಲುತ್ತಿದ್ದಳು. ಬೈದರೆ, "ನಾನು ಕೆಲಸ ಮಾಡೋ ಕಡೆ ಒಂದು ಸಲ ಕೆಮ್ಮಿದ್ರೆ ನಾನೂರು ಜೀವ ಬೆಚ್ಚಿಬೀಳ್ತವೆ ಅಣ್ಣಾ. ಹದಿನಾಲ್ಕು ವರ್ಷ ಪಿಸುಗುಟ್ಟಿ ಪಿಸುಗುಟ್ಟಿ ಗಂಟಲೇ ಹಂಗೆ ಕೂತ್ಬಿಟ್ಟಿದೆ," ಅನ್ನುತ್ತಿದ್ದಳು.

ಅವಳ ಕೆಲಸ ಔಷಧ ಕಂಡುಹಿಡಿಯುವ ಲ್ಯಾಬೊಂದರ ಇಲಿಮನೆಯಲ್ಲಿ. ಹದಿನಾಲ್ಕು ವರ್ಷವೂ ಕಾಂಟ್ರ್ಯಾಕ್ಟು. ನೆಲಮಾಳಿಗೆಯ ಕೋಣೆ, ಎರಡು ಬಾಗಿಲು. ಒಂದು ಮುಚ್ಚಿದ ಮೇಲೇ ಇನ್ನೊಂದು ತೆಗೆಯಬೇಕು. ನಡುವೆ ಚಪ್ಪಲಿ ಬಿಟ್ಟು ಗೌನು, ಟೋಪಿ, ಮಾಸ್ಕು, ಗ್ಲೌಸು. ಒಳಗೆ ಎಡಕ್ಕೊಂದು ಬಲಕ್ಕೊಂದು ಉದ್ದಾನುದ್ದ ರ‍್ಯಾಕು. ರ‍್ಯಾಕಿನ ತುಂಬ ಪ್ಲಾಸ್ಟಿಕ್ ಡಬ್ಬಿ, ಡಬ್ಬಿಗೆ ಐದರಂತೆ ಹೆಬ್ಬೆರಳಿನಷ್ಟು ಉದ್ದದ ಬಿಳಿ ಇಲಿ. ಮರದ ಹೊಟ್ಟು ಬದಲಿಸಬೇಕು, ನೀರಿನ ಬಾಟಲಿ ತೊಳೆಯಬೇಕು, ಗೂಡು ಕಟ್ಟಿಕೊಳ್ಳಲು ಕಾಗದದ ಚೂರು ಹಾಕಬೇಕು, ಯಾವುದು ಕಚ್ಚಾಡಿ ಗಾಯ ಮಾಡಿಕೊಂಡಿದೆ, ಯಾವುದು ಕೂದಲು ಕೆದರಿಕೊಂಡು ಮೂಲೆ ಹಿಡಿದಿದೆ ಎಂದು ನೋಡಿ ಬರೆಯಬೇಕು. ಕೊನೆಗೆ, ಪ್ರಯೋಗ ಮುಗಿದ ದಿನ, ಗ್ಯಾಸಿನ ಪೆಟ್ಟಿಗೆಗೆ ಒಯ್ಯಬೇಕು. ಇದನ್ನು ಬಿಟ್ಟು ಬರೆದರೆ ಅವಳ ಕೆಲಸದ ಬಗ್ಗೆ ಸುಳ್ಳು ಬರೆದಂತೆ.

ಸೇರಿದ ಮೊದಲ ದಿನವೇ ಬೆರಳು ಕಚ್ಚಿಸಿಕೊಂಡಿದ್ದಳು. ಆಗ ಅಲ್ಲಿದ್ದ ಮುದುಕ ಪಶುವೈದ್ಯರು, "ಸೋಪು ಹಚ್ಚಿ ಹದಿನೈದು ನಿಮಿಷ ನಲ್ಲಿ ಕೆಳಗೆ ಹಿಡಿ. ಆಮೇಲೆ ರಿಜಿಸ್ಟರಲ್ಲಿ ಬರಿ. ಅಳೋದೆಲ್ಲ ಅದಾದ ಮೇಲೆ," ಎಂದರಂತೆ. ಕೈಗೆ ಪಟ್ಟಿ ಕಟ್ಟಿದ ಮೇಲೆ, "ತಪ್ಪು ಅದರದ್ದಲ್ಲ ತಾಯಿ. ನೀನು ಹದ್ದಿನ ಹಂಗೆ ಮೇಲಿಂದ ಬಂದು ಬಾಲ ಹಿಡಿದೆ. ಹದ್ದಿಗೆ ಯಾರಾದ್ರೂ ಮುತ್ತು ಕೊಡ್ತಾರಾ?" ಎಂದು ಬೇರೆ ದಾರಿ ಕಲಿಸಿದರು. ಡಬ್ಬಿಯೊಳಗೆ ಚೋಟುದ್ದದ ಪ್ಲಾಸ್ಟಿಕ್ ಕೊಳವೆ ಇಡುವುದು. ಇಲಿ ತಾನಾಗಿ ಒಳಹೊಕ್ಕ ಮೇಲೆ ಎರಡು ತುದಿಗೂ ಕೈ ಅಡ್ಡ ಕೊಟ್ಟು ಎತ್ತುವುದು. ಪಳಗಿದ್ದಾದರೆ ಬೊಗಸೆಯಲ್ಲೇ ಎತ್ತಬಹುದು. ಬಾಲದ ತಂಟೆಗೆ ಹೋಗುವಂತಿಲ್ಲ. ಹೊತ್ತು ಹಿಡಿಯುವ ಕೆಲಸ. ಇಲಿಯಕ್ಕ ಅದನ್ನೇ ಹಿಡಿದುಕೊಂಡಳು.

ಹಾಗಂತ ಅವಳೇನು ಇಲಿಭಕ್ತೆಯಲ್ಲ. ಮನೆಯಲ್ಲಿ ಅಕ್ಕಿ ಡಬ್ಬದ ಹಿಂದೆ ಇಲಿ ಕಂಡರೆ ಅಂದೇ ಕತ್ತರಿ ಬೋನು ಇಡುತ್ತಿದ್ದಳು. ಮಂಡಿ ನೋವಿನಿಂದ ಮಂಚ ಬಿಟ್ಟು ಏಳದ ಅತ್ತೆ ಕಿಚಾಯಿಸುತ್ತಿದ್ದಳು: "ಅಲ್ಲಿ ಬಾಣಂತನ ಮಾಡ್ತೀಯ, ಇಲ್ಲಿ ಕುತ್ತಿಗೆ ಮುರೀತೀಯ. ಯಾವ ನ್ಯಾಯನೇ ಇದು?"

"ಇಲ್ಲಿ ಅದು ಕದಿಯೋಕೆ ಬರುತ್ತೆ ಅತ್ತೆ. ಅಲ್ಲಿ ನಾವೇ ಅದನ್ನ ಕರೆಸಿಕೊಂಡಿದ್ದೀವಿ."

ಎಡಗಡೆ ರ‍್ಯಾಕು ಇಲಿಯಕ್ಕನದು. ಬಲಗಡೆಯದು ಇಕ್ಕಳನದು. ಬಾಲಕ್ಕೆ ಎರಡು ಬೆರಳು ಹಾಕಿ ಸರಕ್ಕನೆ ಎತ್ತಿ ಇನ್ನೊಂದು ಡಬ್ಬಿಗೆ ಎಸೆಯುವ ಅವನ ಚಳಕಕ್ಕೆ ಬಿದ್ದ ಹೆಸರು ಅದು. ಅವಳು ಹನ್ನೆರಡು ಡಬ್ಬಿ ಮುಗಿಸುವಷ್ಟರಲ್ಲಿ ಅವನು ಇಪ್ಪತ್ತು ಮುಗಿಸಿ ಟೀ ಕುಡಿದು ಬರುತ್ತಿದ್ದ. "ಅಕ್ಕಾ, ನೀವು ಇಲಿಗೆ ಅರ್ಜಿ ಹಾಕಿ ಕಾಯ್ತೀರಾ?" ಎಂದು ಆಡಿಕೊಳ್ಳುತ್ತಿದ್ದ.

ಹೀಗಿರುವಾಗ ಭಯರೋಗಕ್ಕೆ ಔಷಧ ಹುಡುಕುತ್ತಿದ್ದ ಮೇಡಂ ಒಬ್ಬರು ಅರವತ್ತು ಇಲಿಗಳ ಮೇಲೆ ಪ್ರಯೋಗ ಶುರು ಮಾಡಿದರು. ಮೂವತ್ತಕ್ಕೆ ನೀರಿನಲ್ಲಿ ಔಷಧ, ಮೂವತ್ತಕ್ಕೆ ಬರೀ ನೀರು. ಬಾಟಲಿ ಅದಲುಬದಲಾದರೆ ಎಲ್ಲ ಹಾಳು. ಇಲಿಯಕ್ಕನೇ ಉಪಾಯ ಹೇಳಿದಳು: "ಔಷಧಿ ಬಾಟ್ಲಿಗೆ ಕೆಂಪು ಟೇಪು ಸುತ್ತಿ, ಆ ಡಬ್ಬಿ ಎಲ್ಲಾ ಎಡಗಡೆ ಇಟ್ಬಿಡೋಣ ಮೇಡಂ. ಬರೀ ನೀರಿನವು ಬಲಗಡೆ. ತಪ್ಪೋ ಮಾತೇ ಇಲ್ಲ."

"ನನ್ನ ವಿದ್ಯಾರ್ಥಿಗಳಿಗಿಂತ ನೀವೇ ಜಾಣೆ," ಎಂದರು ಮೇಡಂ.

ಆರು ತಿಂಗಳ ಮೇಲೆ ಪರೀಕ್ಷೆ. ಎತ್ತರದ ಕಾಲಿನ ಮೇಲೆ ಕೂಡುರಸ್ತೆಯಂತೆ ನಾಲ್ಕು ಹಲಗೆ. ಎರಡಕ್ಕೆ ಗೋಡೆ, ಎರಡು ಬಯಲು. ಹೆದರಿದ ಇಲಿ ಗೋಡೆ ಬಿಟ್ಟು ಬರುವುದಿಲ್ಲ, ಧೈರ್ಯವಿದ್ದದ್ದು ಬಯಲಿಗೆ ಬಂದು ಮೂಸುತ್ತದೆ. ಔಷಧ ಕುಡಿದವು ಬಯಲಿಗೆ ಬಂದವು. ಬರೀ ನೀರು ಕುಡಿದವು ಗೋಡೆಗೆ ಅಂಟಿಕೊಂಡವು. ಮೇಡಂ ಲ್ಯಾಬಿಗೆಲ್ಲ ಸಿಹಿ ಹಂಚಿದರು. ಇಲಿಯಕ್ಕನನ್ನು ಕರೆದು, "ನಿಮ್ಮ ಕಾಯಂ ಫೈಲು ನನ್ನ ಹತ್ತಿರವೇ ಇದೆ. ಸೋಮವಾರ ಇಲಿಗಳನ್ನ ಮುಗಿಸಿಬಿಡೋಣ, ಮಂಗಳವಾರ ಸಹಿ ಹಾಕ್ತೀನಿ," ಎಂದರು.

ಅದು ಗುರುವಾರ. ಅವತ್ತೇ ಮಧ್ಯಾಹ್ನ ವಿದ್ಯಾರ್ಥಿಗಳು ಕ್ಯಾಮೆರಾ ಸರಿಯಿದೆಯೇ ನೋಡಲು ಎಡಗಡೆ ರ‍್ಯಾಕಿನ ಒಂದು ಕಾವಲು ಇಲಿಯನ್ನು ಹಲಗೆಯ ಮೇಲೆ ಬಿಟ್ಟರು. ಕೋಣೆಗೆ ರೋಗ ಬಂದರೆ ಮೊದಲೇ ತಿಳಿಯಲೆಂದು ಪ್ರತಿ ರ‍್ಯಾಕಿನ ಕೆಳಗೂ ಒಂದು ಡಬ್ಬಿ ಕಾವಲು ಇಲಿ ಇಟ್ಟಿರುತ್ತಾರೆ. ಅವಕ್ಕೆ ಯಾವ ಔಷಧವೂ ಇಲ್ಲ. ಅದು ನೆಟ್ಟಗೆ ಬಯಲು ಹಲಗೆಯ ತುದಿಗೆ ನಡೆದು, ಕೆಳಗೆ ಬಗ್ಗಿ ನೋಡಿ, ಅಲ್ಲೇ ಕೂತು ಮುಖ ತೊಳೆದುಕೊಂಡಿತು. "ಇದೇನೋ, ಮಾವನ ಮನೆಗೆ ಬಂದಂಗಿದೆ!" ಎಂದು ಹುಡುಗರು ನಕ್ಕರು. ಇಲಿಯಕ್ಕ ಡಬ್ಬಿಯ ಚೀಟಿಯನ್ನು ಮತ್ತೊಮ್ಮೆ ಓದಿದಳು. ಔಷಧ ಕುಡಿಯದ ಇಲಿಗೆ ಈ ಧೈರ್ಯ ಎಲ್ಲಿಂದ ಬಂತು? ಎಡಗಡೆಯದು ಎಂಬುದನ್ನು ಬಿಟ್ಟರೆ ಬೇರೆ ಕಾರಣವಿರಲಿಲ್ಲ. ಎಡಗಡೆ ಎಂದರೆ ಅವಳ ಕೈ, ಬಲಗಡೆ ಎಂದರೆ ಇಕ್ಕಳನ ಕೈ. ಮೇಡಂ ಅಳೆದದ್ದು ಔಷಧವನ್ನಲ್ಲ.

ಮನೆಗೆ ಹೋಗಿ ಹೇಳಿದಳು. ಶಾಲೆಯ ವ್ಯಾನು ಓಡಿಸುವ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. "ಮಂಗಳವಾರದ ತನಕ ಬಾಯಿಗೆ ಬೀಗ ಹಾಕ್ಕೋ."

"ರೀ, ಸೋಮವಾರ ಅವು ಗ್ಯಾಸಿಗೆ ಹೋಗ್ತವೆ. ಆಮೇಲೆ ಏನ್ ತೋರಿಸ್ಲಿ, ನನ್ನ ಕೈನಾ?"

ಅತ್ತೆ ಮಂಚದಿಂದ ಕೇಳಿದಳು: "ಆ ಔಷಧಿ ಮುಂದೆ ಮನುಷ್ಯರಿಗೆ ಕೊಡ್ತಾರೇನೇ?"

"ಕೊಡ್ಬಹುದು ಅತ್ತೆ."

"ನನಗೆ ಬೇಡ ಅಂತ ಈಗ್ಲೇ ಹೇಳ್ಬಿಡು."

ಶುಕ್ರವಾರ ಯೂನಿಯನ್ ಆಫೀಸಿಗೆ ಬಂದಳು. ಮೂವತ್ತು ವರ್ಷ ಬೀದಿಯಲ್ಲಿ ಸತ್ಯ ಸತ್ಯ ಎಂದು ಕೂಗಿದ ನಾನು ಅವಳಿಗೆ ಹೇಳಿದ್ದೂ ಅವಳ ಗಂಡ ಹೇಳಿದ್ದನ್ನೇ: ಮೊದಲು ಸಹಿ ಬೀಳಲಿ. ಅವಳು "ನೀವೂ ಅಷ್ಟೇನಾ ಅಣ್ಣಾ," ಎಂದು ಚೀಲ ಹೆಗಲಿಗೇರಿಸಿಕೊಂಡು ಹೋದಳು.

ಶನಿವಾರ ಬೆಳಿಗ್ಗೆ ಇಲಿಯಕ್ಕ ಮೇಡಂ ಕೋಣೆಯ ಬಾಗಿಲಲ್ಲಿ ಹೋಗಿ ನಿಂತಳು.

"ಫೈಲಿನ ವಿಷಯನಾ? ಮಂಗಳವಾರ ಅಂತ ಹೇಳಿದ್ನಲ್ಲಾ."

"ಫೈಲಲ್ಲ ಮೇಡಂ, ಇಲಿ."

ಎಲ್ಲ ಕೇಳಿ ಮೇಡಂ ಮುಖ ಕೆಂಪಾಯಿತು. "ಕೈ ಬದಲಾದ್ರೆ ಇಲಿ ಬದಲಾಗುತ್ತಾ? ಏನ್ ಮಾತಾಡ್ತಿದ್ದೀರಾ?"

"ಕೆಳಗೆ ಬನ್ನಿ, ತೋರಿಸ್ತೀನಿ."

ಇಬ್ಬರೂ ಗೌನು ತೊಟ್ಟು ಒಳಗೆ ಹೋದರು. ಎಡಗಡೆ ಡಬ್ಬಿಯಲ್ಲಿ ಮೇಡಂ ಕೈ ಇಟ್ಟರು. ಇಲಿಗಳು ಬಂದು ಗ್ಲೌಸು ಮೂಸಿದವು. ಬಲಗಡೆ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಐದೂ ಹೊಟ್ಟಿನಡಿ ನುಗ್ಗಿ ಉಚ್ಚೆ ಹೊಯ್ದುಕೊಂಡವು.

"ಇವಕ್ಕೆ ಔಷಧ ಇಲ್ಲ, ಅದಕ್ಕೇ ಹೆದರ್ತವೆ," ಎಂದರು ಮೇಡಂ.

ಇಲಿಯಕ್ಕ ಎಡಗಡೆಯ ಕಾವಲು ಡಬ್ಬಿ ತೆಗೆದು ಮುಂದೆ ಹಿಡಿದಳು. ಒಂದು ಇಲಿ ಮೇಡಂ ತೋಳು ಹತ್ತಿ ಮೊಣಕೈವರೆಗೂ ಬಂತು. "ಇದಕ್ಕೂ ಇಲ್ಲ ಮೇಡಂ."

ಮೇಡಂ ಇಲಿಯನ್ನು ಡಬ್ಬಿಗೆ ಇಳಿಸಿದರು. ಆಮೇಲೆ ಕೇಳಿದರು: "ಔಷಧದ್ದನ್ನೆಲ್ಲ ಎಡಗಡೆ ಇಡೋಣ ಅಂದಿದ್ದು ಯಾರು?"

"ನಾನೇ."

ಸೋಮವಾರದ ಗ್ಯಾಸು ಹತ್ತು ದಿನ ಮುಂದೆ ಹೋಯಿತು. ಬಲಗಡೆಯ ಮೂವತ್ತನ್ನೂ ಇಲಿಯಕ್ಕನ ಕೈಗೆ ಕೊಟ್ಟರು. ದಿನಾ ಕೊಳವೆ, ದಿನಾ ಬೊಗಸೆ. ಹತ್ತನೇ ದಿನ ಹಲಗೆಯ ಮೇಲೆ ಬಿಟ್ಟರೆ ಇಪ್ಪತ್ತಮೂರು ಬಯಲಿಗೆ ಬಂದವು, ಒಂದು ಹನಿ ಔಷಧವಿಲ್ಲದೆ.

ಆ ಅರವತ್ತನ್ನು ಪೆಟ್ಟಿಗೆಗೆ ಒಯ್ದವಳೂ ಅವಳೇ. ಬೇರೆಯವರಿಗೆ ಬಿಡಲಿಲ್ಲ. ಅವು ಬದುಕಿದ್ದ ಡಬ್ಬಿಯಲ್ಲೇ, ಜೊತೆಗಾರರ ಜೊತೆಯಲ್ಲೇ ಇಟ್ಟು, ಗ್ಯಾಸನ್ನು ಅವಸರ ಮಾಡದೆ ಸಣ್ಣಗೆ ಬಿಟ್ಟು, ಕೊನೆಯದರ ಉಸಿರು ನಿಂತದ್ದನ್ನು ನೋಡಿ, ಮತ್ತೆ ಪರೀಕ್ಷಿಸಿ, ಆಮೇಲೆ ಬರೆದಳು. ಮರುವಾರ ಹೊಸ ಅರವತ್ತು ಬಂದವು. ನಾನು ಶಭಾಷ್ ಎನ್ನಲು ಹೋದರೆ ಅವಳು ತಿರುಗಿಬಿದ್ದಳು. "ಸುಮ್ನಿದ್ದಿದ್ರೆ ಅರವತ್ತು. ಬಾಯಿ ಬಿಟ್ಟಿದ್ದಕ್ಕೆ ನೂರಿಪ್ಪತ್ತು. ಒಳ್ಳೇದು ಮಾಡ್ದೆ ಅಂತ ಯಾರೂ ನನಗೆ ಹೇಳ್ಬೇಡಿ."

ಮಂಗಳವಾರ ಸಹಿ ಬೀಳಲಿಲ್ಲ. ಪ್ರಯೋಗ ಕೆಟ್ಟದ್ದಕ್ಕೆ ಮೇಲಿನವರು ವರದಿ ಕೇಳಿದರು, ವರದಿಯಲ್ಲಿ ರ‍್ಯಾಕಿನ ಉಪಾಯ ಯಾರದೆಂದು ಬರೆಯಬೇಕಾಯಿತು, ಫೈಲು ಡ್ರಾಯರು ಸೇರಿತು. ಆ ವರ್ಷ ಕಾಯಂ ಆದವನು ಇಕ್ಕಳ. ಅವನ ಫೈಲು ಬೇರೆ ಸಾಹೇಬರ ಬಳಿಯಿತ್ತು. ನಾವು ಎರಡು ದಿನ ಗೇಟಿನ ಮುಂದೆ ಕೂತೆವು, "ಮುಂದಿನ ಪಟ್ಟಿಯಲ್ಲಿ ನೋಡೋಣ" ಎಂಬ ಮಾತು ಪಡೆದು ಎದ್ದೆವು.

ಹೊಸ ಪ್ರಯೋಗದಲ್ಲಿ ಔಷಧದ ಡಬ್ಬಿ, ನೀರಿನ ಡಬ್ಬಿ ಎರಡೂ ರ‍್ಯಾಕಿನಲ್ಲಿ ಬೆರೆಸಿಟ್ಟರು. ಬಾಲ ಮುಟ್ಟುವಂತಿಲ್ಲ ಎಂದು ಬಾಗಿಲ ಮೇಲೆ ಕಾಗದ ಅಂಟಿತು. ಇಕ್ಕಳ ಗೊಣಗುತ್ತಲೇ ಕೊಳವೆ ಹಿಡಿಯುವುದನ್ನು ಕಲಿತ. ಅದಕ್ಕೆ ಮುಂಚಿನ ವರ್ಷ ಏಳು ಸಲ ಕಚ್ಚಿಸಿಕೊಂಡಿದ್ದವನು, ಆಮೇಲೆ ಒಂದು ಸಲವೂ ಇಲ್ಲ. ಔಷಧ ಈ ಸಲ ಅಂಥ ಪವಾಡವೇನೂ ಮಾಡಿಲ್ಲವಂತೆ. ಚೂರು ಕೆಲಸ ಮಾಡುತ್ತದೆ, ಅಷ್ಟೆ.

ಮೊನ್ನೆ ಮೇಡಂ ತಾವೇ ಕಲಿಯುತ್ತೇನೆಂದು ಕೆಳಗೆ ಬಂದರಂತೆ. ಕೊಳವೆ ಇಟ್ಟುಕೊಂಡು ಎರಡು ನಿಮಿಷಕ್ಕೇ ಚಡಪಡಿಸಿದರು. "ಯಾಕೆ ಬರ್ತಿಲ್ಲ ಇದು?"

"ಕೈ ಅಲ್ಲಾಡಿಸ್ಬೇಡಿ ಮೇಡಂ. ಅದು ಬರೋದು ಅದರ ಟೈಮಿಗೆ."

ಪಕ್ಕದಲ್ಲಿ ಬಾಟಲಿ ಜೋಡಿಸುತ್ತಿದ್ದ ಇಕ್ಕಳ, "ಅಕ್ಕನ ಫೈಲ್ ಥರ ಮೇಡಂ," ಎಂದುಬಿಟ್ಟ.

ಇಲಿ ಮೂಸಿ ಮೂಸಿ ಕೊಳವೆಯೊಳಗೆ ಬಂತು. ಮೇಡಂ ಎರಡು ತುದಿಗೂ ಕೈ ಅಡ್ಡ ಕೊಟ್ಟು ಎತ್ತಿದರು.

ಫೈಲು ಡ್ರಾಯರಿನಿಂದ ಮೇಜಿನ ಮೇಲೆ ಬಂದಿದೆ ಎಂದು ನಿನ್ನೆ ಸುದ್ದಿ. ಸಹಿ ಕಣ್ಣಾರೆ ಕಂಡ ಮೇಲೆ ನಂಬುತ್ತೇನೆ. ಇಲಿಯಕ್ಕನಿಗೆ ಹೇಳಿದರೆ, ಎಡಗಡೆ ರ‍್ಯಾಕಿನಲ್ಲಿ ಹನ್ನೊಂದು ಡಬ್ಬಿ ಬಾಕಿ ಇದೆ ಎಂದು ಹೊರಟಳು.